ಅಳಿಯನ ಗುಡಾಣ, ನನ್ನ ಗುಡಾಣ

ನನ್ನ ತಂಗಿಯ ಗಂಡ ನಮ್ಮ ಮನೆಯಲ್ಲಿ ಬಂದು ನೆಲೆಸಿದಾಗ ಗಾಡಿಯಲ್ಲಿ ತಂದದ್ದು ಮೂರೇ ಸಾಮಾನು: ಒಂದು ಕಂಬಳಿ, ಒಂದು ತಂಬಿಗೆ, ಮತ್ತೆ ತನ್ನ ತಿಗರಿ. ತಿಗರಿ ಎಂದರೆ ಕುಂಬಾರನ ಚಕ್ರ. ನಮ್ಮ ಮನೆಯಲ್ಲಿ ಆಗಲೇ ಅಪ್ಪನ ತಿಗರಿ ಇತ್ತು, ಅದರ ಮುಂದೆ ಕೂತು ನಾನೂ ಮಡಕೆ ಮಾಡುತ್ತಿದ್ದೆ. ಅವನದು ಅದಕ್ಕಿಂತ ಒಂದೂವರೆಪಟ್ಟು ಅಗಲವಿತ್ತು. ನಾಲ್ಕು ಜನ ಸೇರಿ ಇಳಿಸಿದೆವು. ಇಳಿಸುವಾಗ ಅದರ ಅಂಚಿಗೆ ಸಿಕ್ಕಿ ನನ್ನ ಹೆಬ್ಬೆರಳು ಜಜ್ಜಿಹೋಯಿತು. ಅಪ್ಪ ನನ್ನ ಬೆರಳನ್ನು ನೋಡಲಿಲ್ಲ. ತಿಗರಿ ಎಲ್ಲಿಯಾದರೂ ಬಿರುಕು ಬಿಟ್ಟಿದೆಯೇ ಎಂದು ಅದರ ಸುತ್ತ ಕೈಯಾಡಿಸುತ್ತಿದ್ದರು.

ನಮ್ಮದು ಸೂಳೆಕೆರೆಯ ಪಕ್ಕದ ಒಂದು ಊರು. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ಮೀನು ಹಿಡಿಯುವವರು ಒಳಕ್ಕೆ ಒಳಕ್ಕೆ ಹೋಗುತ್ತಿದ್ದರು, ಅವರು ಬಿಟ್ಟ ಜಾಗಕ್ಕೆ ನಾವು ಗಾಡಿ ಕಟ್ಟಿಕೊಂಡು ಮಣ್ಣಿಗೆ ಹೋಗುತ್ತಿದ್ದೆವು. ಅಪ್ಪ ಮಾಡುತ್ತಿದ್ದುದು ಅನ್ನದ ಮಡಕೆ, ಮೊಸರಿನ ಕುಡಿಕೆ, ನೀರಿನ ಕೊಡ, ಹಣತೆ. ಗುಡಾಣ ಮಾತ್ರ ಅವರಿಗೆ ಬರುತ್ತಿರಲಿಲ್ಲ. ಎಂಟು ಹತ್ತು ಕೊಡ ನೀರು ಹಿಡಿಯುವ, ನಿಂತವನ ಸೊಂಟದವರೆಗೆ ಬರುವ ಆ ದೊಡ್ಡ ಪಾತ್ರೆಯನ್ನು ನಮ್ಮ ತಾತ ಮಾಡುತ್ತಿದ್ದರಂತೆ. ಅಪ್ಪನಿಗೆ ಒಂಬತ್ತು ವರ್ಷವಾದಾಗ ತಾತ ತೀರಿಕೊಂಡರು, ವಿದ್ಯೆಯೂ ಅವರ ಜೊತೆಗೇ ಹೋಯಿತು. ಆಮೇಲೆ ನಮ್ಮ ಕಡೆಗೆ ಗುಡಾಣ ಬರುತ್ತಿದ್ದುದು ಹೊನ್ನಾಳಿಯ ಹೊಳೆದಂಡೆಯ ಕುಂಬಾರರಿಂದ. ಹುಲ್ಲಿನಲ್ಲಿ ಹುದುಗಿಸಿದ ಗುಡಾಣಗಳ ಗಾಡಿ ನಮ್ಮ ಬೀದಿಯಲ್ಲಿ ಹಾದುಹೋಗುವ ದಿನ ಅಪ್ಪ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ನಮ್ಮ ಮನೆಗೆ ಹೊಸದೇನಲ್ಲ ಎಂದು ಈಗ ಅನ್ನಿಸುತ್ತದೆ.

ತಂಗಿಯನ್ನು ಜಗಳೂರು ಸೀಮೆಗೆ ಕೊಟ್ಟದ್ದೂ ಗುಡಾಣದ ಆಸೆಗೇ. ಆ ಕಡೆ ನೀರು ದೂರ, ಮನೆಮನೆಗೂ ಎರಡು ಮೂರು ಗುಡಾಣ ಬೇಕು, ಅಲ್ಲಿನ ಕುಂಬಾರರಿಗೆ ಅದು ಕೈಯಾಟ. ಮದುವೆಯಾದ ಒಂದು ವರ್ಷಕ್ಕೆ ಅಪ್ಪ ಅಲ್ಲಿಗೆ ಹೋಗಿ ಅವನನ್ನು ಕರೆದರು. ಅವರು ಮೂವರು ಅಣ್ಣತಮ್ಮಂದಿರು, ಇವನೇ ಕಿರಿಯ. ಒಂದು ಅಂಗಳದಲ್ಲಿ ಮೂರು ತಿಗರಿ ತಿರುಗುವುದಿಲ್ಲ.

"ನಮ್ಮಲ್ಲಿ ಅಂಗಳ ಐತೆ, ಕೆರೆ ಮಣ್ಣು ಐತೆ. ಬಂದುಬಿಡಪ್ಪ," ಎಂದರಂತೆ ಅಪ್ಪ.

ನನಗೆ ಆಗ ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ. ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪ ಬೇಯಿಸಿದ ಮುದ್ದೆ ತಿಂದು ಬೇಸತ್ತಿದ್ದ ನನಗೆ ತಂಗಿ ಬರುತ್ತಾಳೆಂದು ಸಂತೋಷವೇ ಆಗಿತ್ತು. ಅವಳ ಗಂಡನೂ ಬರುತ್ತಾನೆಂಬುದನ್ನು ನಾನು ಸರಿಯಾಗಿ ಯೋಚಿಸಿರಲಿಲ್ಲ. ಅವನು ನನಗಿಂತ ಎರಡು ವರ್ಷ ಚಿಕ್ಕವನು, ನನ್ನನ್ನು "ಭಾವ" ಎನ್ನುತ್ತಿದ್ದ. ಅಪ್ಪನಿಗೆ ಅಳಿಯ, ಆದ್ದರಿಂದ ಊರಿಗೆಲ್ಲ ಅಳಿಯ. ನಾನೂ ಅವನನ್ನು ಹಾಗೇ ಕರೆಯುತ್ತೇನೆ.

ಬಂದ ನಾಲ್ಕನೆಯ ದಿನ ಅಳಿಯ ಮೊದಲನೆಯ ಗುಡಾಣಕ್ಕೆ ಕೂತ. ಸಣ್ಣ ಮಡಕೆಗೆ ತಿಗರಿಯನ್ನು ಒಮ್ಮೆ ಕೋಲಿನಿಂದ ತಿರುಗಿಸಿ ಬಿಟ್ಟರೆ ಅದು ತಿರುಗುತ್ತಿರುವಷ್ಟರಲ್ಲೇ ಮಡಕೆ ಮುಗಿಯುತ್ತದೆ. ಗುಡಾಣಕ್ಕೆ ಹಾಗಲ್ಲ. ಮಣ್ಣಿನ ಭಾರಕ್ಕೆ ತಿಗರಿ ಬೇಗ ಸೋಲುತ್ತದೆ, ಇನ್ನೊಬ್ಬ ನಿಂತು ಕೋಲು ಹಾಕಿ ತಿರುಗಿಸುತ್ತಲೇ ಇರಬೇಕು.

"ನೀ ಕೋಲು ಹಿಡಿ," ಎಂದರು ಅಪ್ಪ ನನಗೆ.

ನಾನು ಕೋಲು ಹಿಡಿದೆ. ಅಳಿಯ ಎರಡು ಕೈಯಲ್ಲಿ ಎತ್ತಲಾಗದಷ್ಟು ಮಣ್ಣನ್ನು ತಿಗರಿಯ ಮೇಲೆ ಕುಕ್ಕಿ, ಅಂಗೈ ಊರಿ, ಅದನ್ನು ನಡುವಿಗೆ ತಂದ. ಓಲಾಡುತ್ತಿದ್ದ ಮಣ್ಣು ಮೂರು ಸುತ್ತಿನಲ್ಲಿ ಸುಮ್ಮನಾಯಿತು. ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸುಮ್ಮನಾಯಿತು. ಆಮೇಲೆ ಮುಷ್ಟಿಯನ್ನು ಅದರೊಳಕ್ಕೆ ಇಳಿಸಿ ಅಗಲ ಮಾಡಿದ, ಗೋಡೆಯನ್ನು ಎತ್ತಿದ. ದೊಡ್ಡ ಬೋಗುಣಿಯಂಥ ಆ ಕೆಳ ಅರ್ಧವನ್ನು ಹಾಗೇ ಬಿಟ್ಟು, ಅಂಚು ಸ್ವಲ್ಪ ಬಿಗಿಯಾಗುವ ತನಕ ಎಲೆ ಅಡಿಕೆ ಹಾಕಿಕೊಂಡು ಕೂತ. ಮಧ್ಯಾಹ್ನ ಅದರ ಅಂಚಿನ ಮೇಲೆ ತೋಳಿನ ದಪ್ಪದ ಮಣ್ಣಿನ ಹುರಿ ಸುತ್ತಿ, ಮತ್ತೆ ತಿರುಗಿಸೆಂದು ಸನ್ನೆ ಮಾಡಿದ. ಆ ಹುರಿಯನ್ನೇ ಎಳೆದು ಎಳೆದು ಗುಡಾಣದ ಹೆಗಲಾಗಿ ತಿರುಗಿಸಿದ. ಅವನ ಬಲಗೈ ಕಂಕುಳವರೆಗೂ ಒಳಗೆ ಹೋಗಿತ್ತು. ಕೆನ್ನೆ ಹಸಿಮಣ್ಣಿಗೆ ತಾಗುತ್ತಿತ್ತು. ಮುಖದಲ್ಲಿ ಯಾವ ಕಷ್ಟವೂ ಕಾಣಲಿಲ್ಲ. ಕೋಲು ಹಾಕಿ ಹಾಕಿ ನನ್ನ ಹೆಗಲು ಕಿತ್ತುಬರುತ್ತಿತ್ತು.

ಬಾಯಿ ಕಟ್ಟಿ ಮುಗಿಸಿದ ಮೇಲೆ ಅಪ್ಪ ಎದ್ದು ಬಂದರು. ಗುಡಾಣದ ಬಾಯಿಯೊಳಗೆ ತಲೆ ತಗ್ಗಿಸಿ ಸಣ್ಣಗೆ "ಹೂಂ" ಎಂದರು. ಅದು ಒಳಗಿನಿಂದ ದೊಡ್ಡದಾಗಿ ಕೇಳಿಸಿತು. ಅಪ್ಪ ತಲೆ ಎತ್ತಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹದಿನೈದು ವರ್ಷದಿಂದ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದೆ. ನಾನು ಮಾಡಿದ ಸಾವಿರಾರು ಮಡಕೆಗಳಲ್ಲಿ ಒಂದಕ್ಕೂ ಅವರು ಹಾಗೆ ನಕ್ಕಿರಲಿಲ್ಲ.

ಅವತ್ತಿನಿಂದ ನನ್ನ ಕಣ್ಣು ಅಳಿಯನ ಮೇಲೇ. ತಂಗಿ ಅವನಿಗೆ ಬಡಿಸಿದ ಮುದ್ದೆ ದೊಡ್ಡದೋ ನನ್ನದು ದೊಡ್ಡದೋ ಎಂದು ನೋಡುತ್ತಿದ್ದೆ. ಇಪ್ಪತ್ತನಾಲ್ಕು ವರ್ಷದ ಗಂಡಸು ಮುದ್ದೆ ಅಳೆಯುತ್ತಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಅಪ್ಪ ತಮ್ಮ ಎಲೆ ಅಡಿಕೆ ಚೀಲವನ್ನು ಅವನ ಕಡೆ ಸರಿಸುತ್ತಿದ್ದರು, ನನ್ನ ಕಡೆ ಯಾವತ್ತೂ ಸರಿಸಿರಲಿಲ್ಲ. ಯಾರಾದರೂ ಬಾಗಿಲಿಗೆ ಬಂದರೆ ಎದುರಿಗೆ ಕೂತ ನನ್ನನ್ನೇ "ಅಳಿಯ ಅದಾನೇನು?" ಎಂದು ಕೇಳುತ್ತಿದ್ದರು. "ಇಲ್ಲ" ಎಂದು ಎರಡು ಸಲ ಸುಳ್ಳು ಹೇಳಿದ್ದೂ ಉಂಟು. ಹೊನ್ನಾಳಿಯ ಗಾಡಿಗಳು ನಮ್ಮ ಬೀದಿಗೆ ಬರುವುದು ಕಡಿಮೆಯಾಯಿತು. ಮುಂದೆ ಮಹಾಯುದ್ಧ ಶುರುವಾಗಿ ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಸಂತೆಯಲ್ಲಿ ಸಿಗದಂತಾದಾಗ ಅಳಿಯನ ಗುಡಾಣಕ್ಕೆ ಚನ್ನಗಿರಿಯಿಂದಲೂ ಜನ ಬರತೊಡಗಿದರು.

ಗುಡಾಣ ಕಲಿಯುವ ಆಸೆ ನನಗೆ ಇರಲಿಲ್ಲವೆಂದಲ್ಲ. ಮಧ್ಯಾಹ್ನ ಉಂಡು ಎಲ್ಲರೂ ಮಲಗಿದಾಗ ನಾನು ಅವನ ತಿಗರಿಯ ಮುಂದೆ ಕೂರುತ್ತಿದ್ದೆ. ಕೋಲು ಹಾಕಲು ಇನ್ನೊಬ್ಬರಿಲ್ಲದ್ದರಿಂದ ನಾನೇ ತಿರುಗಿಸಿ, ನಾನೇ ಓಡಿಬಂದು ಕೂತು ಮಣ್ಣು ಹಿಡಿಯಬೇಕು. ಮಣ್ಣು ನಡುವಿಗೆ ಬರುತ್ತಿರಲಿಲ್ಲ. ಎಡಕ್ಕೆ ಒತ್ತಿದರೆ ಬಲಕ್ಕೆ ಹೊರಳುತ್ತಿತ್ತು. ಹೇಗೋ ಎತ್ತಿದ ಗೋಡೆ ಮೊಳದೆತ್ತರ ಬರುವಷ್ಟರಲ್ಲಿ ಒಂದು ಕಡೆ ತೆಳುವಾಗಿ, ಕುಡಿದವನ ಹಾಗೆ ಕುಸಿದು ಕೂರುತ್ತಿತ್ತು. ಅದನ್ನೆಲ್ಲ ಉಂಡೆ ಕಟ್ಟಿ, ಗುರುತು ಸಿಗದಂತೆ ಮಣ್ಣಿನ ರಾಶಿಗೆ ಸೇರಿಸಿ, ತಿಗರಿ ಒರೆಸಿ ಎದ್ದು ಹೋಗುತ್ತಿದ್ದೆ.

ಒಂದು ದಿನ ಅಳಿಯ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ.

"ಭಾವ, ಮೊಣಕೈ ತೊಡೆಗೆ ಊರ್ರಿ," ಎಂದ. "ಕೈ ಗಾಳಿಯಾಗೆ ಇದ್ರೆ ಮಣ್ಣು ನಿಮ್ಮನ್ನ ಕುಣಿಸ್ತೈತೆ. ಮೊಣಕೈ ಊರಿದ್ರೆ ನೀವು ಮಣ್ಣನ್ನ ಹಿಡೀತೀರಿ."

ಅವನ ಮಾತಿನಲ್ಲಿ ಹಂಗಿಸುವ ದನಿ ಏನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನೋಡೋಣ" ಎಂದೆ. ಅವನು ಒಳಗೆ ಹೋದ. ಅವತ್ತಿನಿಂದ ಏಳೆಂಟು ತಿಂಗಳು ನಾನು ಬೇಕೆಂದೇ ಮೊಣಕೈಯನ್ನು ತೊಡೆಯಿಂದ ದೂರ ಇಟ್ಟುಕೊಂಡು ಗುಡಾಣ ಮಾಡಲು ನೋಡಿದೆ. ಅವನು ಹೇಳಿದ್ದೇ ಸರಿ ಎಂದು ನನ್ನ ಭುಜಕ್ಕೆ ಗೊತ್ತಾಗಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಒಂದು ಗುಡಾಣವೂ ನಿಲ್ಲಲಿಲ್ಲ. ಕೊನೆಗೆ ಕೂರುವುದನ್ನೇ ಬಿಟ್ಟೆ. ಕೋಲು ಹಾಕುವುದು, ಮಣ್ಣು ತುಳಿಯುವುದು ನನ್ನ ಪಾಲಿನ ಕೆಲಸವಾಗಿ ಉಳಿಯಿತು.

ಅಳಿಯ ಬಂದ ಎರಡನೆಯ ಬೇಸಿಗೆ ನ್ಯಾಮತಿಯಿಂದ ಒಬ್ಬ ಅಡಿಕೆ ಸಾಹುಕಾರರ ಕಡೆಯವರು ಬಂದರು. ನ್ಯಾಮತಿಯಿಂದ ಸೂರಗೊಂಡನಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಸಾಹುಕಾರರು ಅರವಟಿಗೆ ಇಡುತ್ತಾರಂತೆ, ದಾರಿಹೋಕರಿಗೆ ಕುಡಿಯುವ ನೀರಿಗೆ ಆರು ಗುಡಾಣ ಬೇಕಂತೆ. ಹೊನ್ನಾಳಿ ಕುಂಬಾರರು ಅವರಿಗೆ ಹತ್ತಿರವಿದ್ದರೂ ಅಲ್ಲಿಗೆ ಹೋಗದೆ ಹೊಳೆ ದಾಟಿ ನಮ್ಮಲ್ಲಿಗೆ ಬಂದಿದ್ದರು. ಅಪ್ಪ ಅವತ್ತು ಇಡೀ ದಿನ ಆ ಮಾತನ್ನೇ ಆಡಿದರು. "ಹೊನ್ನಾಳಿ ಬಿಟ್ಟು ಬಂದಾರೆ ನೋಡು," ಎಂದು ತಂಗಿಗೆ ಹೇಳಿದರು, ನನಗೆ ಹೇಳಿದರು, ಹಿತ್ತಲ ಗೋಡೆಯಾಚೆಯ ನೆರೆಯವರಿಗೂ ಹೇಳಿದರು. "ಎಲ್ಲಾ ನಮ್ಮ ಅಳಿಯನ ಕೈಗುಣ."

ಆರು ಗುಡಾಣದ ಮಣ್ಣನ್ನು ತುಳಿಯುವವನು ನಾನು. ಮಣ್ಣನ್ನು ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಹರಡಿ, ಬರಿಗಾಲಿನಲ್ಲಿ ಸುತ್ತು ಹಾಕುತ್ತ ಹದವಾಗುವ ತನಕ ತುಳಿಯಬೇಕು. ಕೆರೆಯ ಮಣ್ಣಿನಲ್ಲಿ ಅಲ್ಲಲ್ಲಿ ಸುಣ್ಣದ ಹರಳು ಇರುತ್ತವೆ, ಕಡಲೆಯಷ್ಟು, ಕೆಲವು ಅಡಿಕೆಯಷ್ಟು. ಅವು ಕಾಲಿಗೆ ಸಿಗುತ್ತವೆ, ಬಗ್ಗಿ ಆರಿಸಿ ಗೋಡೆಯ ಬುಡಕ್ಕೆ ಎಸೆಯಬೇಕು. ಬಿಟ್ಟರೆ ಬೆಂಕಿಯಲ್ಲಿ ಅವು ಸುಟ್ಟ ಸುಣ್ಣವಾಗುತ್ತವೆ. ಮಡಕೆ ಸುಡುವ ಆವಿಗೆಯಿಂದ ತೆಗೆದಾಗ ಪಾತ್ರೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ನೀರು ಹೀರಿದಂತೆ ಸುಣ್ಣ ಅರಳಿ, ಪಾತ್ರೆಯ ಗೋಡೆಯನ್ನು ಸಿಡಿಸುತ್ತದೆ. ಕುಂಬಾರರ ಮನೆಯಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು.

ಎರಡನೆಯ ದಿನ ತುಳಿಯುವಾಗ ಕಡಲೆಯಷ್ಟು ದೊಡ್ಡ ಹರಳು ನನ್ನ ಹಿಮ್ಮಡಿಗೆ ಒತ್ತಿತು. ಅಪ್ಪ ಜಗಲಿಯ ಮೇಲೆ ಅಳಿಯನ ಜೊತೆ ಕೂತು, ತಾತ ಗುಡಾಣದ ಬಾಯಿಯನ್ನು ಹೇಗೆ ಮಡಿಸುತ್ತಿದ್ದರು ಎಂದು ಕೈಯಲ್ಲಿ ತೋರಿಸುತ್ತಿದ್ದರು. ತಾತನ ಬಗ್ಗೆ ಅಪ್ಪ ನನ್ನ ಹತ್ತಿರ ಅಷ್ಟು ಮಾತಾಡಿದ್ದೇ ಇಲ್ಲ. ನಾನು ಬಗ್ಗಲಿಲ್ಲ. ಮುಂದಿನ ಹೆಜ್ಜೆ ಇಟ್ಟೆ. ಆ ಮೊದಲನೆಯ ಹರಳನ್ನು ಮರೆತೆ ಎಂದು ಹೇಳಿಕೊಳ್ಳಬಹುದು. ಎರಡನೆಯದನ್ನು ಹಾಗೆ ಹೇಳಿಕೊಳ್ಳಲಾರೆ. ಮೂರನೆಯದು ಸಿಕ್ಕಾಗ ನಾನು ಅದನ್ನು ಹಿಮ್ಮಡಿಯಿಂದ ಇನ್ನೂ ಕೆಳಕ್ಕೆ ಒತ್ತಿದೆ. ನಡುನಡುವೆ ಯಾರಿಗೂ ಸಂಶಯ ಬರದಿರಲೆಂದು ಕೆಲವನ್ನು ಆರಿಸಿ ಎಸೆದೆ. ಇಡೀ ಹೊತ್ತು ಕಾಲು ನಿಲ್ಲಲಿಲ್ಲ.

ಗುಡಾಣಗಳು ಬಹಳ ಚೆನ್ನಾಗಿ ಬಂದವು. ಆವಿಗೆಯಿಂದ ತೆಗೆದು ಬೆರಳು ಮಡಿಸಿ ಬಡಿದರೆ ಕಂಚಿನ ಹಾಗೆ ಕೇಳುತ್ತಿದ್ದವು. ಅಪ್ಪ ಒಂದೊಂದನ್ನೂ ಎರಡೆರಡು ಸಲ ಬಡಿದರು. ಗಾಡಿಗೆ ಹುಲ್ಲು ಹಾಸಿ ಏರಿಸಿ ಕಳಿಸಿದೆವು.

ಹದಿನೈದು ದಿನದೊಳಗೆ ಗಾಡಿಯವನು ಸುದ್ದಿ ತಂದ. ಆರರಲ್ಲಿ ನಾಲ್ಕು ಗುಡಾಣ ಸಿಡಿದಿವೆ, ಮಾಡಿದವನು ಬಂದು ನೋಡಬೇಕಂತೆ ಎಂದ. ಅಪ್ಪನ ಮುಖ ಸಣ್ಣದಾಯಿತು. "ಹೆಂಗಾತು ಅಳಿಯಪ್ಪ?" ಎಂದರು. ಅಳಿಯ, "ನೋಡ್ಕೊಂಡು ಬರ್ತೀನಿ" ಎಂದಷ್ಟೇ ಹೇಳಿದ. ಅವನ ಜೊತೆ ಅಪ್ಪ ನನ್ನನ್ನೂ ಕಳಿಸಿದರು.

ಅರವಟಿಗೆ ಒಂದು ಹುಣಸೆ ಮರದ ಕೆಳಗಿನ ಚಪ್ಪರ. ನೀರು ಕೊಡಲು ಒಬ್ಬ ಮುದುಕಿಯನ್ನು ಇಟ್ಟಿದ್ದರು. ಸೌದೆ ಹೊರೆ ಇಳಿಸಿದ ನಾಲ್ಕು ಜನ ಲಂಬಾಣಿ ಹೆಂಗಸರು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದರು. ಉಳಿದ ಎರಡು ಗುಡಾಣಗಳಲ್ಲೂ ಒಂದು ಜಿನುಗುತ್ತಿತ್ತು, ಮುದುಕಿ ಅದರ ಹೊಟ್ಟೆಗೆ ಹಳೆಯ ಸೀರೆಯ ತುಂಡು ಸುತ್ತಿದ್ದಳು. ಸಿಡಿದ ನಾಲ್ಕನ್ನು ಬೇಲಿಯ ಹತ್ತಿರ ಉರುಳಿಸಿದ್ದರು. ಒಂದೊಂದರ ಮೈಮೇಲೂ ಅಂಗೈಯಷ್ಟು ಚಕ್ಕೆ ಎದ್ದಿತ್ತು, ಪ್ರತಿ ಚಕ್ಕೆಯ ನಡುವೆ ಮಂಡಕ್ಕಿ ಅರಳಿದ ಹಾಗೆ ಬೆಳ್ಳಗಿನ ಪುಡಿ. ಅಳಿಯ ಕುಕ್ಕರುಗಾಲಲ್ಲಿ ಕೂತು ಆ ಪುಡಿಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟು ಉಗುಳಿದ.

"ಸುಣ್ಣ," ಎಂದ.

"ಸುಣ್ಣ ಎಲೆ ಅಡಿಕೆಗೆ ಬೇಕಪ್ಪ, ನೀರಿಗೆ ಬ್ಯಾಡ," ಎಂದಳು ಮುದುಕಿ. "ದಿನಾ ನಾನು ಬಾವಿಗೆ ನಾಕು ಸಲ ಹೆಚ್ಚಿಗೆ ಹೋಗಬೇಕಾಗೈತೆ. ಸೊಂಟ ಬಿದ್ದೋಗೈತೆ ನಂದು."

ಅಷ್ಟರಲ್ಲಿ ಸಾಹುಕಾರರು ಬಂದರು. ಕೂಗಾಡುವ ಮನುಷ್ಯರಲ್ಲ. ದಾರಿಯಲ್ಲಿ ನಿಂತಿದ್ದ ಹತ್ತಾರು ಜನರ ಎದುರಿಗೆ ಮೆಲ್ಲಗೇ ಹೇಳಿದರು: "ಧರ್ಮದ ಕೆಲಸಕ್ಕೆ ಇಂಥ ಸಾಮಾನು ಕೊಟ್ಟೆಲ್ಲಪ್ಪ. ಆರಕ್ಕೂ ಬದಲಿ ಗುಡಾಣ ಕಳಿಸ್ರಿ. ಆದ್ರೆ ಈ ಕೈಯಿಂದ ಬ್ಯಾಡ. ನಿಮ್ಮನೇಲಿ ಬೇರೆ ಕೈ ಇದ್ರೆ ಮಾಡಿ ಕಳಿಸ್ರಿ, ಇಲ್ದಿದ್ರೆ ನಾನು ಹೊನ್ನಾಳಿಗೆ ಹೋಗ್ತೀನಿ."

ಅಳಿಯ ಕೈಮುಗಿದ. "ತಪ್ಪು ನಂದೇರಿ. ಮಣ್ಣು ನೋಡ್ಕಳಲಿಲ್ಲ," ಎಂದ.

ನಾನು ಅವನ ಹಿಂದೆ ನಿಂತಿದ್ದೆ. ಅವನ ತಲೆ ತಗ್ಗಿದ್ದನ್ನು ನೋಡಬೇಕೆಂದು ಎರಡು ವರ್ಷದಿಂದ ಆಸೆಪಟ್ಟಿದ್ದೆ. ಈಗ ನೋಡಿದೆ. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಸ್ವಲ್ಪ ಹೊತ್ತು, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು, ಆಯಿತು. ಆಮೇಲೆ ಆ ಮುದುಕಿ ಸೊಂಟ ಹಿಡಿದುಕೊಂಡು ಕೊಡ ಎತ್ತಿ ಬಾವಿಯ ಕಡೆ ಹೊರಟದ್ದು ಕಂಡಿತು. ನಾನು ಓಡಿಹೋಗಿ ಕೊಡ ಇಸಿದುಕೊಂಡೆ. ಅವಳು ನನ್ನನ್ನು ಹರಸಿದಳು. ಆ ಹಾರೈಕೆ ಕೇಳಿಸಿಕೊಳ್ಳಲಾಗಲಿಲ್ಲ.

ಗಾಡಿ ಹೊಳೆ ದಾಟಿ ಈಚೆಗೆ ಬಂತು. ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ ಅಳಿಯ ನೊಗದ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ ಹೇಳಿದ:

"ಭಾವ, ಹರಳು ಕಣ್ಣಿಗೆ ತಪ್ಪಬಹುದು. ಕಾಲಿಗೆ ತಪ್ಪಾಕಿಲ್ಲ."

ನಾನು ಎತ್ತಿನ ಕೊರಳ ಹಗ್ಗ ಸಡಿಲಿಸತೊಡಗಿದೆ.

"ನಮ್ಮ ಜಗಳೂರು ಕಡೆ ಮಣ್ಣಾಗೆ ಹೆಜ್ಜೆಗೊಂದು ಹರಳು. ಏಳು ವರ್ಷದೋನಿದ್ದಾಗಿಂದ ತುಳಿದೀನಿ. ನನಗೆ ಗೊತ್ತಾಗಾಕಿಲ್ಲ ಅಂದ್ಕೊಂಡ್ರಾ?" ನೊಗದಿಂದ ಕೈ ತೆಗೆದು ಅಂದ: "ನಾ ಬ್ಯಾಡಾಗಿದ್ರೆ ನನಗೆ ಹೇಳಬೇಕಿತ್ತು. ಮಣ್ಣಿಗ್ಯಾಕೆ ಹೇಳಿದ್ರಿ?"

"ಅಪ್ಪಗೆ ಹೇಳ್ತೀಯಾ?" ಎಂದೆ. ನನ್ನ ಬಾಯಿಂದ ಬಂದದ್ದು ಅದೊಂದೇ ಮಾತು.

"ಹೇಳಾಕಿಲ್ಲ. ಮಾವಗೆ ನಾ ಒಬ್ಬ ಕೆಟ್ಟೋನಾದ್ರೆ ಸಾಕು, ಇಬ್ಬರು ಬ್ಯಾಡ."

ಅವನು ನನಗೆ ಬೈದಿದ್ದರೆ, ಹೊಡೆದಿದ್ದರೆ, ಅವತ್ತೇ ಎಲ್ಲ ಮುಗಿಯುತ್ತಿತ್ತೋ ಏನೋ. ಆ ಮಾತು ಕೇಳಿ ನನಗೆ ಇನ್ನಷ್ಟು ಉರಿಯಿತು. ಗುಡಾಣದಲ್ಲಿ ನನಗಿಂತ ದೊಡ್ಡವನಾಗಿದ್ದದ್ದು ಸಾಲದೆಂದು ಇದರಲ್ಲೂ ದೊಡ್ಡವನಾದನಲ್ಲ ಎಂದುಕೊಂಡೆ.

ಮಾರನೆಯ ದಿನ ಊಟದ ಹೊತ್ತಿಗೆ ಅಪ್ಪ ಕೈತೊಳೆಯಲು ಎದ್ದುಹೋದಾಗ ತಂಗಿ ನನ್ನ ಮುಂದೆ ಬರಿಯ ತಟ್ಟೆ ಇಟ್ಟಳು.

"ಗೋಡೆ ಬುಡದಾಗಿನ ಹರಳಿನ ಗುಡ್ಡೆ ಈ ಸಲ ಸಣ್ಣದಿತ್ತು ಕಣಣ್ಣ," ಎಂದಳು. "ನಾನು ದಿನಾ ಕಸ ಗುಡಿಸೋಳು. ನನಗೆ ಯಾರೂ ಹೇಳಬೇಕಾಗಿಲ್ಲ. ಅವರು ಅಪ್ಪಗೆ ಹೇಳಬ್ಯಾಡ ಅಂದಾರೆ, ಹೇಳಾಕಿಲ್ಲ. ಆದ್ರೆ ನಿನ್ನ ತಟ್ಟೆಗೆ ನಾ ಬಡಿಸಾಕಿಲ್ಲ. ಒಲೆ ಮೇಲೈತೆ, ಹಾಕ್ಕೊಂಡು ಉಣ್ಣು."

ಅವತ್ತಿನಿಂದ ನಾನೇ ಬಡಿಸಿಕೊಂಡು ಉಂಡೆ. ಅಪ್ಪ ಒಂದೆರಡು ಸಲ ವಿಚಿತ್ರವಾಗಿ ನೋಡಿದರು, ಕೇಳಲಿಲ್ಲ.

ಸಾಹುಕಾರರ ಮಾತನ್ನು ಅಳಿಯ ಇದ್ದದ್ದು ಇದ್ದ ಹಾಗೆ ಅಪ್ಪನಿಗೆ ಹೇಳಿದ್ದ. ಬೇರೆ ಕೈ ಎಂದರೆ ಮನೆಯಲ್ಲಿ ಇದ್ದದ್ದು ಎರಡು. ಅಪ್ಪ ಮೊದಲು ತಾವೇ ಕೂತರು. ಅರ್ಧ ದಿನ ಹೆಣಗಿದರು. ಐವತ್ತೈದು ದಾಟಿದ ತೋಳಿಗೆ ಆ ಭಾರದ ಮಣ್ಣು ಒಗ್ಗಲಿಲ್ಲ. ಎದ್ದು, ಕೈ ಒರೆಸಿಕೊಂಡು, "ನೀ ಕೂತ್ಕೋ" ಎಂದರು ನನಗೆ. ಎರಡು ವರ್ಷದಿಂದ ಯಾವ ಮಾತು ಕೇಳಬೇಕೆಂದು ಕಾದಿದ್ದೆನೋ ಆ ಮಾತು. ಕೂತವನಿಗೆ ಮಣ್ಣನ್ನು ನಡುವಿಗೆ ತರಲೂ ಬರಲಿಲ್ಲ.

"ನಾ ಕೋಲು ಹಿಡೀತೀನಿ ಭಾವ," ಎಂದ ಅಳಿಯ.

ಈ ಸಲ ಮಣ್ಣು ತುಳಿದವನು ಅವನೇ. ನಾನು ತುಳಿಯಲು ಹೋದಾಗ ಕೈ ಅಡ್ಡ ಹಿಡಿದ. ಅದೊಂದೇ ಅವನು ನನಗೆ ಎದುರಿಗೆ ಮಾಡಿದ ಅವಮಾನ, ಅದನ್ನೂ ಅಪ್ಪನಿಗೆ ಕಾಣದಂತೆ ಮಾಡಿದ.

ಇಪ್ಪತ್ತು ದಿನ ಅವನು ಕಲಿಸಿದ. ಕಲಿಸುವಾಗ ಅವನು ಭಾವ ಗೀವ ನೋಡಲಿಲ್ಲ. ನನ್ನ ಮೊಣಕೈ ತೊಡೆಯಿಂದ ಎದ್ದರೆ ತಿಗರಿಯ ಕೋಲಿನ ತುದಿಯಿಂದ ಮೊಣಕೈಗೆ ತಟ್ಟುತ್ತಿದ್ದ. "ಉಸಿರು ಬಿಡ್ರಿ. ಉಸಿರು ಕಟ್ಟಿದ್ರೆ ಕೈ ನಡುಗ್ತೈತೆ." "ಹೊರಗಿನ ಕೈ ನೋಡಬ್ಯಾಡ್ರಿ. ಒಳಗಿನ ಕೈ ಹೇಳಿದ್ದನ್ನ ಹೊರಗಿನ ಕೈ ಕೇಳ್ತೈತೆ." "ಅವಸರ ಮಾಡಬ್ಯಾಡ್ರಿ, ಅಂಚು ಇನ್ನೂ ಹಸಿ ಐತೆ, ಮೇಲಿನ ಭಾರ ತಡೆಯಾಕಿಲ್ಲ." ಒಂಬತ್ತು ಸಲ ನನ್ನ ಗೋಡೆ ಕುಸಿಯಿತು. ಒಂಬತ್ತು ಸಲವೂ ಅವನು ಹೊಸ ಮಣ್ಣನ್ನು ತಂದು ತಿಗರಿಯ ಮೇಲೆ ಕುಕ್ಕಿದ.

ಹತ್ತನೆಯದು ನಿಂತಿತು. ನನ್ನ ತೋಳು ಕಂಕುಳವರೆಗೂ ಒಳಗಿತ್ತು. ಹಸಿಮಣ್ಣಿನ ತಂಪು ಕೆನ್ನೆಗೆ ತಾಗಿತು. ಒಳಗಿನ ಬೆರಳುಗಳ ತುದಿಯಲ್ಲಿ ಗೋಡೆಯ ದಪ್ಪ ಒಂದೇ ಸಮನಾಗಿ ಓಡುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಅಳಿಯ ಇದನ್ನು ದಿನಾ ಅನುಭವಿಸುತ್ತಿದ್ದನಲ್ಲ ಎಂದುಕೊಂಡೆ. ಆ ಸುಖದ ನಡುವೆಯೂ ಎರಡು ವರ್ಷ ಇದು ಅವನೊಬ್ಬನದಾಗಿತ್ತೆಂಬ ಸಂಕಟ ಬಿಡಲಿಲ್ಲ. ಬಾಯಿ ಕಟ್ಟಿ ಕೈ ಹೊರಗೆ ತೆಗೆದೆ.

ಅಪ್ಪ ಎದ್ದು ಬಂದು ಗುಡಾಣವನ್ನು ಸುತ್ತಿ ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು. ನಾನು ಕಾದೆ. ಅವರು ಕೋಲು ಹಿಡಿದು ನಿಂತವನ ಕಡೆ ತಿರುಗಿ, "ಚೆನ್ನಾಗಿ ಕಲಿಸ್ದೆ ಅಳಿಯಪ್ಪ," ಎಂದರು.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ನಾನು ಮಾಡಿದ ಆರು ಗುಡಾಣಗಳು ನ್ಯಾಮತಿಗೆ ಹೋದವು, ಒಂದೂ ಸಿಡಿಯಲಿಲ್ಲ. ತಂಗಿ ನನಗೆ ಬಡಿಸದೆ ಕಳೆದದ್ದು ಎಂಟು ತಿಂಗಳು. ಅವಳಿಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ನನ್ನ ಮುಂದೆ ಒಂದು ದಿನ ತಟ್ಟೆ ಬಂತು, ಅದರಲ್ಲಿ ಮುದ್ದೆಯೂ ಇತ್ತು.

ಮುಂದಿನ ನಾಲ್ಕೈದು ವರ್ಷ ಒಂದೇ ಅಂಗಳದಲ್ಲಿ ಇಬ್ಬರೂ ಗುಡಾಣ ಮಾಡಿದೆವು. ನನಗೆ ಮದುವೆಯಾಯಿತು. ನನ್ನ ಗುಡಾಣ ಗಟ್ಟಿ, ಆದರೆ ಸ್ವಲ್ಪ ಭಾರ. ಅವನದು ಎರಡು ಬೆರಳಿನಷ್ಟು ಎತ್ತರ ಹೆಚ್ಚಿದ್ದರೂ ನನ್ನದಕ್ಕಿಂತ ಹಗುರ. ಕೊಳ್ಳಲು ಬಂದ ಹೆಂಗಸರು ಎರಡನ್ನೂ ಓರೆ ಮಾಡಿ ನೋಡಿ, ಅವನದನ್ನೇ ಆರಿಸಿಕೊಳ್ಳುತ್ತಿದ್ದರು. ಅವರ ಕೈ ಅವನ ಗುಡಾಣದ ಕಡೆ ಹೋಗುವಾಗೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಜೊತೆಯಲ್ಲಿ ಉಂಡೆವು, ಜೊತೆಯಲ್ಲಿ ಆವಿಗೆ ಒಟ್ಟಿದೆವು, ನಗುನಗುತ್ತ ಮಾತಾಡಿದೆವು. ಒಳಗಿನದು ಹೋಗಲಿಲ್ಲ.

ಯುದ್ಧ ಮುಗಿದ ಹೊತ್ತಿಗೆ ಜಗಳೂರಿನಲ್ಲಿ ಅವನ ದೊಡ್ಡಣ್ಣ ತೀರಿಕೊಂಡ. ನಡುವಿನ ಅಣ್ಣ ಆಗಲೇ ಬೇರೆಯಾಗಿದ್ದರಿಂದ ಅತ್ತಿಗೆ, ಮಕ್ಕಳು, ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಅವನು ಹೋಗಲೇಬೇಕಾಯಿತು. ತಿಗರಿಯನ್ನು ಮತ್ತೆ ಗಾಡಿಗೆ ಏರಿಸಿದೆವು. ತಂಗಿ ಅಳುತ್ತ ಹೋದಳು. ಇನ್ನು ಈ ಸೀಮೆಗೆಲ್ಲ ಗುಡಾಣ ನನ್ನೊಬ್ಬನದೇ. ಅವತ್ತು ನನಗೆ ಒಂದು ತರಹ ಹಗುರವಾಯಿತು.

ಮೂರು ವರ್ಷದ ಮೇಲೆ ಅಪ್ಪ ಹಾಸಿಗೆ ಹಿಡಿದರು. ಮಾತು ಸ್ಪಷ್ಟವಾಗಿಯೇ ಇತ್ತು, ಕಾಲು ಬಿದ್ದುಹೋಗಿತ್ತು. ಬಾಗಿಲಿನಿಂದ ತಿಗರಿ ಕಾಣುವ ಹಾಗೆ ಹಾಸಿಗೆ ಹಾಕಿಸಿಕೊಂಡಿದ್ದರು. ಒಂದು ದಿನ ಬೆಳಗ್ಗೆ ನಾನು ಗುಡಾಣವೊಂದರ ಹೆಗಲು ಕಟ್ಟುತ್ತಿದ್ದೆ. ನನ್ನ ಹೆಂಡತಿ ಕೋಲು ಹಾಕುತ್ತಿದ್ದಳು. ಅಪ್ಪ ಕರೆದರು, ಹೋದೆ.

"ನಿನ್ನ ಗುಡಾಣ ಇಷ್ಟು ವರ್ಷದಾಗೆ ಒಂದೂ ಒಡೆದು ವಾಪಸು ಬರಲಿಲ್ಲ," ಎಂದರು. "ಅಳಿಯಂದು ನೋಡಾಕೆ ಚೆಂದ. ಆದ್ರೆ ನ್ಯಾಮತಿಯಾಗೆ ನಾಕು ಒಡೆದ್ವು. ನಿಂದು ಒಡೀಲಿಲ್ಲ. ನೀನೇ ಹೆಚ್ಚು ಅಂತ ನಾ ಹೇಳ್ತೀನಿ."

ಹುಟ್ಟಿದಾಗಿನಿಂದ ಅಪ್ಪನ ಬಾಯಿಂದ ನಾನು ಕೇಳಿದ ಮೊದಲನೆಯ ಹೊಗಳಿಕೆ ಅದು. ಅವರ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಆ ಮಾತನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡೆ ಕೂಡ, ನಾಲ್ಕು ದಿನ. ಆ ನಾಲ್ಕು ದಿನ ತಿಗರಿಯ ಮುಂದೆ ಕೂತಾಗ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಎಷ್ಟು ಸಲ ಹೇಳಿಕೊಂಡರೂ ಅದು ನನ್ನದಾಗಲಿಲ್ಲ. ಐದನೆಯ ದಿನ ಅವರಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಹೇಳಿಬಿಟ್ಟೆ. ಮಣ್ಣು ತುಳಿದದ್ದು, ಹರಳು ಒತ್ತಿದ್ದು, ಅಳಿಯ ತಪ್ಪು ಹೊತ್ತುಕೊಂಡದ್ದು, ಎಲ್ಲ.

ಅಪ್ಪ ಬಾಗಿಲಾಚೆಯ ತಿಗರಿಯ ಕಡೆ ನೋಡಿದರು.

"ಆಮೇಲೆ ಕಳಿಸಿದ ಆರು ನೀನೇ ಮಾಡಿದ್ದಲ್ಲೇನು?" ಎಂದು ಕೇಳಿದರು.

"ನಾನೇ. ಅವನು ಕಲಿಸಿದ, ನಾ ಮಾಡಿದೆ."

"ಹೂಂ," ಎಂದರು. "ಅಳಿಯಗೆ ಕಾಗದ ಬರೆಸು. ಬಂದು ಹೋಗಲಿ ಅನ್ನು," ಎಂದು ಗೋಡೆಯ ಕಡೆ ಹೊರಳಿದರು.

ಅಳಿಯ ವಾರದೊಳಗೆ ಬಂದ. ತಂಗಿ, ಮಗು ಜೊತೆಯಲ್ಲಿದ್ದರು. ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಅಪ್ಪ ಅವನನ್ನು ಹಾಸಿಗೆಯ ಹತ್ತಿರ ಕೂರಿಸಿಕೊಂಡು, ನಮ್ಮನ್ನೆಲ್ಲ ಹೊರಗೆ ಹೋಗಿರೆಂದರು. ನಾನು ಬಾಗಿಲು ಎಳೆದುಕೊಂಡು ಅಂಗಳಕ್ಕೆ ಬಂದೆ. ಊಟದ ಹೊತ್ತಿನಿಂದ ದನ ಮನೆಗೆ ಬರುವ ತನಕ ಅವರಿಬ್ಬರೇ ಒಳಗಿದ್ದರು. ಒಮ್ಮೆ ಅಪ್ಪ ಏನೋ ಕೇಳಿದ ಹಾಗಿತ್ತು, ಒಮ್ಮೆ ಅಳಿಯ ಅತ್ತ ಹಾಗಿತ್ತು. ಒಮ್ಮೆ ಇಬ್ಬರೂ ನಕ್ಕರು. ನಾನು ಮಾಡುವುದಕ್ಕೆ ಕೆಲಸವಿಲ್ಲದೆ, ಒಣಗಲು ಇಟ್ಟಿದ್ದ ಗುಡಾಣಗಳನ್ನು ನೆರಳಿನಿಂದ ನೆರಳಿಗೆ ಸರಿಸುತ್ತಿದ್ದೆ.

ಅಪ್ಪ ಅದಾದ ಹನ್ನೊಂದನೆಯ ದಿನ ತೀರಿಕೊಂಡರು. ಅವತ್ತು ಒಳಗೆ ಏನು ಮಾತಾಡಿದರೆಂದು ಅವರೂ ನನ್ನನ್ನು ಕರೆದು ಹೇಳಲಿಲ್ಲ. ತಿಥಿಯೆಲ್ಲ ಮುಗಿದು ಅವರು ಊರಿಗೆ ಹೊರಡುವಾಗ ನಾನು ಅಳಿಯನನ್ನು ಕೇಳಿದೆ. ಅವನು ಗಾಡಿಯ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಿ, "ಅದು ನನಗೆ ಹೇಳಿದ್ದು ಭಾವ," ಎಂದ.

ಈಗ ಅವನೂ ಇಲ್ಲ. ತಂಗಿಗೂ ಅವನು ಹೇಳಿರಲಿಲ್ಲವಂತೆ. ನನಗೆ ಗುಡಾಣ ಬಂತು, ಊರು ಒಪ್ಪಿತು, ತಪ್ಪನ್ನು ಹೇಳಿಕೊಂಡದ್ದೂ ಆಯಿತು. ಆದರೆ ಬಾಗಿಲು ಮುಚ್ಚಿದ ಆ ಮಧ್ಯಾಹ್ನ ಅಪ್ಪ ಅವನಿಗೆ ಏನು ಕೊಟ್ಟರೋ ಎಂದು ನೆನೆದರೆ, ಈ ವಯಸ್ಸಿನಲ್ಲೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.